ಒಂದು ಬಣ್ಣ, ನೂರು ಅಂಗಿ

ಗಣೇಶನ ಹಬ್ಬ ಇನ್ನೂ ತಿಂಗಳಿದೆ ಅನ್ನುವಾಗ ಶುರುವಾಗಿ ನವೆಂಬರ್ ಮುಗಿಯುವ ತನಕ ನಮ್ಮ ಸೀಮೆಯಲ್ಲಿ ಟೀ ಶರ್ಟಿನ ಸುಗ್ಗಿ. ಗಣಪತಿ ಕೂರಿಸುವ ಗೆಳೆಯರ ಬಳಗಕ್ಕೆ ಒಂದು ಬಗೆ, ಟೆನಿಸ್ ಬಾಲ್ ಟೂರ್ನಮೆಂಟಿನ ತಂಡಕ್ಕೆ ಇನ್ನೊಂದು ಬಗೆ, ರಾಜ್ಯೋತ್ಸವಕ್ಕೆ ಹಳದಿ-ಕೆಂಪು. ನಡುನಡುವೆ ಶಾಲೆಗಳ ಕ್ರೀಡಾಕೂಟ, ನರಸಾಪುರ ಮತ್ತು ವೇಮಗಲ್ ಕಡೆಯ ಕಾರ್ಖಾನೆಗಳ ಆಯುಧಪೂಜೆ. ಕೋಲಾರದಿಂದ ಚಿಂತಾಮಣಿ ಕಡೆಗೆ ಹೋಗುವ ದಾರಿಯಲ್ಲಿರುವ ಕ್ಯಾಲನೂರಿನಂಥ ಊರಿನಲ್ಲೂ ಹತ್ತು ಹುಡುಗರು ಒಂದೆಡೆ ಸೇರಿದರೆ ಮೊದಲು ಹುಟ್ಟುವುದು ವಾಟ್ಸಾಪ್ ಗುಂಪು, ಎರಡನೆಯದು ಟೀ ಶರ್ಟು. ಆಮೇಲೆ ಪ್ರಿಂಟಿಂಗ್ ಅಂಗಡಿಯ ಮುಂದೆ ಬೈಕು ನಿಲ್ಲಿಸಿ ಕೇಳುವ ಪ್ರಶ್ನೆ ಎಲ್ಲ ಕಡೆಯೂ ಒಂದೇ: "ಅಣ್ಣಾ, ಸ್ಕ್ರೀನ್ ಹಾಕ್ಸೋಣಾ, ಡಿಟಿಎಫ್ ಹಾಕ್ಸೋಣಾ? ಯಾವುದು ನಿಲ್ತದೆ?"

ಡಿಟಿಎಫ್ ಅಂದರೆ ಫಿಲ್ಮಿನ ಮೇಲಿನ ಚಿತ್ರವನ್ನು ಬಿಸಿಯಿಂದ ಅಂಗಿಗೆ ಒತ್ತುವುದು, ಅದರ ವಿವರ ಮುಂದಿದೆ. ಅಂಗಡಿಯವರು ಈ ಪ್ರಶ್ನೆಗೆ ಕೊಡುವ ಉತ್ತರ ಅವರ ಬಳಿ ಯಾವ ಮೆಷೀನು ಇದೆ ಅನ್ನುವುದರ ಮೇಲೆ ನಿಂತಿರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಅವರೂ ಬದುಕಬೇಕು. ಆದರೆ ದುಡ್ಡು ಕೊಡುವವರಿಗೆ ವಿಷಯ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕ್ರೀನ್ ಪ್ರಿಂಟಿಂಗ್ ಗುಂಪಿಗಾಗಿ ಹುಟ್ಟಿದ ಅಚ್ಚು. ಒಂದೇ ಮಾತನ್ನು ನೂರು ಎದೆಗಳ ಮೇಲೆ ಹೇಳಬೇಕಾದಾಗ ಅದನ್ನು ಮೀರಿಸುವಂಥದ್ದು ಇನ್ನೂ ಬಂದಿಲ್ಲ. ನೂರು ಎದೆಗಳ ಮೇಲೆ ನೂರು ಬೇರೆ ಮಾತು ಹೇಳಿಸಲು ಹೋದರೆ ಅದು ಕೈಕೊಡುತ್ತದೆ. ನಾವು ದೂರುವ ಬಿರುಕು, ಸುಲಿಯುವಿಕೆ, ಮಸುಕು ಇವೆಲ್ಲ ಬಹುಪಾಲು ಆ ವಿಧಾನದ ದೋಷಗಳಲ್ಲ, ಅವಸರದ ದೋಷಗಳು.

ಸಂಕ್ರಾಂತಿ ಸಂತೆಯಲ್ಲಿ ಮಾರುವ ರಂಗೋಲಿ ಜಾಲರಿ ನೋಡಿದ್ದೀರಲ್ಲ, ತೂತುಗಳಿರುವ ತಟ್ಟೆ. ನೆಲಕ್ಕಿಟ್ಟು ಪುಡಿ ಸುರಿದು ಕೈಯಾಡಿಸಿದರೆ ತೂತಿದ್ದಲ್ಲಿ ಪುಡಿ ಇಳಿಯುತ್ತದೆ, ಮುಚ್ಚಿದ್ದಲ್ಲಿ ಇಳಿಯುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಅಂದರೆ ಇಷ್ಟೇ. ಚೌಕಟ್ಟಿಗೆ ಬಿಗಿದ ಸಣ್ಣ ಜಾಲರಿ ಬಟ್ಟೆ. ಬೇಡದ ಜಾಗವನ್ನೆಲ್ಲ ಮುಚ್ಚಿ, ಬೇಕಾದ ಚಿತ್ರದ ಜಾಗವನ್ನು ಮಾತ್ರ ತೆರೆದಿಡುತ್ತಾರೆ. ಮೇಲೆ ಬಣ್ಣ ಹಾಕಿ ರಬ್ಬರ್ ಪಟ್ಟಿಯಿಂದ ಎಳೆಯುತ್ತಾರೆ. ಆ ಪಟ್ಟಿಯ ಹೆಸರು ಸ್ಕ್ವೀಜಿ.

ತಗಡು ಕತ್ತರಿಸಿ ಬಣ್ಣ ಬಳಿಯುವ ಹಳೆಯ ಪದ್ಧತಿಗೆ ಒಂದು ತೊಡಕಿತ್ತು. ಅಕ್ಷರದ ಹೊಟ್ಟೆಯೊಳಗಿನ ತುಣುಕಿಗೆ ಆಸರೆ ಇರುವುದಿಲ್ಲ, ಕತ್ತರಿಸಿದೊಡನೆ ಉದುರಿಬೀಳುತ್ತದೆ. ಇಂಗ್ಲಿಷಿನ 'ಓ' ಒಂದಕ್ಕೆ ಇಷ್ಟು ಕಷ್ಟವಾದರೆ ಸುತ್ತಿ ಸುತ್ತಿ ಮುಚ್ಚಿಕೊಳ್ಳುವ ನಮ್ಮ ಅಕ್ಷರಗಳ ಗತಿ ಏನು? 'ಠ'ದ ಒಳಗಿನ ಚುಕ್ಕೆಯನ್ನು ಎಲ್ಲಿಗೆ ಕಟ್ಟಿ ನಿಲ್ಲಿಸುವುದು? ಅದಕ್ಕೇ ತಗಡಿನಲ್ಲಿ ಕೊರೆದ ಕನ್ನಡ ಅಕ್ಷರಗಳ ನಡುವೆ ಅಲ್ಲಲ್ಲಿ ಸೇತುವೆ ಬಿಟ್ಟು ಕತ್ತರಿಸಬೇಕಾಗುತ್ತದೆ, ಬರಹ ತುಂಡು ತುಂಡಾಗಿ ಕಾಣುತ್ತದೆ. ಜಪಾನಿನ ಕುಶಲಕರ್ಮಿಗಳು ಕಾಗದದ ಅಚ್ಚಿನ ಇಂಥ ತುಣುಕುಗಳನ್ನು ಕೂದಲೆಳೆಯಿಂದಲೂ ರೇಷ್ಮೆ ನೂಲಿನಿಂದಲೂ ಹಿಡಿದಿಡುತ್ತಿದ್ದರು. ಆ ನೂಲಿನ ಜಾಗದಲ್ಲಿ ಇಡೀ ಬಟ್ಟೆಯನ್ನೇ ಬಿಗಿದರೆ ಯಾವ ತುಣುಕೂ ಉದುರುವುದಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ರೇಷ್ಮೆ ಜಾಲರಿಯ ಈ ವಿಧಾನಕ್ಕೆ ಪೇಟೆಂಟ್ ಪಡೆದ.

ಹಿಪ್ಪುನೇರಳೆ ಬೆಳೆದು ರೇಷ್ಮೆಗೂಡು ಮಾರುವ ಜಿಲ್ಲೆಯವರಿಗೆ ಇದು ಕೇಳಲು ಹಿತವಾದ ಸಂಗತಿ. ಆದರೆ ಈಗಿನ ಸ್ಕ್ರೀನಿನಲ್ಲಿ ರೇಷ್ಮೆಯ ಒಂದೆಳೆಯೂ ಇಲ್ಲ. ರೇಷ್ಮೆ ನೀರು ಕುಡಿದು ಸಡಿಲಗೊಳ್ಳುತ್ತದೆ, ಹಲವು ಎಳೆ ಸೇರಿದ ನೂಲಾದ್ದರಿಂದ ಚಿತ್ರದ ಅಂಚು ಚೂಪಾಗಿ ಬರುವುದಿಲ್ಲ. ಅದರ ಜಾಗಕ್ಕೆ ಒಂಟಿ ಎಳೆಯ ನೈಲಾನ್, ಪಾಲಿಯೆಸ್ಟರ್ ಬಂದು ಕೂತಿವೆ. ಟೀ ಶರ್ಟಿಗೆ ಸಾಮಾನ್ಯವಾಗಿ ಬಳಸುವುದು 43ರ ಜಾಲರಿ, ಅಂದರೆ ಒಂದು ಸೆಂಟಿಮೀಟರಿಗೆ 43 ಎಳೆ. ಇಂಚಿನ ಲೆಕ್ಕ ಹಿಡಿಯುವವರು ಇದನ್ನೇ 110 ಅನ್ನುತ್ತಾರೆ. ಎಳೆ ಹೆಚ್ಚಿದಷ್ಟೂ ಗೆರೆ ನವಿರು, ಆದರೆ ಇಳಿಯುವ ಬಣ್ಣ ಕಡಿಮೆ. ಎಳೆ ಕಡಿಮೆಯಾದರೆ ಬಣ್ಣ ದಪ್ಪ, ಗೆರೆ ಒರಟು. ಎರಡೂ ಒಟ್ಟಿಗೆ ಬೇಕು ಎಂದು ಗಿರಾಕಿ ಹಟ ಹಿಡಿದಾಗಲೇ ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆಯುವುದು.

ಚಿತ್ರವನ್ನು ಸ್ಕ್ರೀನಿಗೆ ಇಳಿಸುವ ಕೆಲಸ ಬೆಳಕಿನದು. ಜಾಲರಿಗೆ ಬೆಳಕು ತಾಗಿದರೆ ಗಟ್ಟಿಯಾಗುವ ದ್ರಾವಣ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ಕಪ್ಪು ಚಿತ್ರವಿರುವ ಟ್ರೇಸಿಂಗ್ ಹಾಳೆ ಇಟ್ಟು ಬೆಳಕಿಗೆ ಒಡ್ಡುತ್ತಾರೆ. ಕಪ್ಪಿನ ಅಡಿಯಲ್ಲಿದ್ದ ಭಾಗ ಮೆತ್ತಗೆ ಉಳಿದು ನೀರಿಗೆ ತೊಳೆದುಹೋಗುತ್ತದೆ, ಉಳಿದದ್ದು ಗಟ್ಟಿಯಾಗಿ ತೂತು ಮುಚ್ಚುತ್ತದೆ. ಟ್ಯೂಬ್‌ಲೈಟ್ ಪೆಟ್ಟಿಗೆ ಇಲ್ಲದ ಅಂಗಡಿಯವರು ಫ್ರೇಮನ್ನು ಮಹಡಿಗೆ ಒಯ್ದು ಸೂರ್ಯನಿಗೇ ತೋರಿಸುತ್ತಾರೆ. ಮೋಡ ಕವಿದ ದಿನ ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದು ಕೈಗೂಡಿದವರಿಗೆ ಮಾತ್ರ ಗೊತ್ತಿರುವ ವಿದ್ಯೆ. ಹೆಚ್ಚಾದರೆ ಸಣ್ಣ ಗೆರೆ ಮುಚ್ಚಿಹೋಗುತ್ತದೆ, ಕಡಿಮೆಯಾದರೆ ತೊಳೆಯುವಾಗ ಇಡೀ ಚಿತ್ರವೇ ಜಾರಿಹೋಗುತ್ತದೆ.

ಇಷ್ಟೆಲ್ಲ ಕೆಲಸ ಒಂದು ಬಣ್ಣಕ್ಕೆ. ಎರಡು ಬಣ್ಣಕ್ಕೆ ಎರಡು ಸ್ಕ್ರೀನು, ನಾಲ್ಕಕ್ಕೆ ನಾಲ್ಕು. ಸ್ಕ್ರೀನ್ ಪ್ರಿಂಟಿಂಗಿನ ಅರ್ಥಶಾಸ್ತ್ರವೆಲ್ಲ ಈ ಒಂದು ಮಾತಿನಲ್ಲಿದೆ. ದರ ಊರಿಂದೂರಿಗೆ ಬೇರೆ, ಅರ್ಥವಾಗಲೆಂದು ಮಾತ್ರ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ಸ್ಕ್ರೀನ್ ಮಾಡಲು 400 ರೂಪಾಯಿ, ಒಂದು ಬಣ್ಣ ಎಳೆಯಲು ಅಂಗಿಗೆ 10 ರೂಪಾಯಿ ಎಂದಿಟ್ಟುಕೊಳ್ಳಿ. ಎದುರಾಳಿ ಡಿಟಿಎಫ್‌ಗೆ ಸ್ಕ್ರೀನಿನ ಖರ್ಚೇ ಇಲ್ಲ, ಎಷ್ಟು ಬಣ್ಣವಿದ್ದರೂ ಅಂಗಿಗೆ 50. ಹತ್ತು ಅಂಗಿಗೆ ಎರಡೂ ಸಮ, 500 ರೂಪಾಯಿ. ನೂರು ಅಂಗಿಗೆ ಸ್ಕ್ರೀನ್ 1,400, ಡಿಟಿಎಫ್ 5,000. ಇನ್ನು ನಾಲ್ಕು ಬಣ್ಣದ ಚಿತ್ರ ತೆಗೆದುಕೊಳ್ಳಿ: ಸ್ಕ್ರೀನಿಗೆ 1,600, ಎಳೆಯುವ ಕೂಲಿ ಅಂಗಿಗೆ 40. ಆಗ ನೂರರವತ್ತು ಅಂಗಿಯ ತನಕ ಸ್ಕ್ರೀನ್ ಸೋಲುತ್ತದೆ, ನೂರರವತ್ತು ದಾಟಿದ ಮೇಲೆಯೇ ಗೆಲ್ಲುವುದು. ಇಪ್ಪತ್ತೈದು ಹುಡುಗರ ತಂಡ ನಾಲ್ಕು ಬಣ್ಣ ಕೇಳಿದರೆ ಅಂಗಡಿಯವರು ಮುಖ ಸಿಂಡರಿಸುವುದು ಸೊಕ್ಕಿನಿಂದಲ್ಲ, ಈ ಲೆಕ್ಕದಿಂದ. ಚೌಕಾಸಿ ಕನ್ನಡದಲ್ಲಿ ಶುರುವಾಗಿ, ಪಟ್ಟು ಬಿಗಿಯಾದಾಗ ತೆಲುಗಿಗೆ ಹೊರಳಿ, ಕೊನೆಗೆ ಯಾವುದೋ ಭಾಷೆಯಲ್ಲಿ ಇತ್ಯರ್ಥವಾಗುತ್ತದೆ. ಸ್ಕ್ರೀನಿನ ಖರ್ಚು ಮಾತ್ರ ಯಾವ ಭಾಷೆಯಲ್ಲೂ ಕರಗುವುದಿಲ್ಲ.

ಬಣ್ಣದ ಎಣಿಕೆಯಲ್ಲಿ ಇನ್ನೊಂದು ಮೋಸ ಅಡಗಿದೆ. ರಾಜ್ಯೋತ್ಸವದ ಅಂಗಿಯನ್ನೇ ನೋಡಿ. ಹಳದಿ ಅಂಗಿಯ ಮೇಲೆ ಕೆಂಪು ಅಕ್ಷರ ಬೇಕಾದರೆ ಒಂದು ಸ್ಕ್ರೀನ್ ಸಾಕು, ತಿಳಿ ಬಟ್ಟೆಯ ಮೇಲೆ ಗಾಢ ಬಣ್ಣ ತಾನಾಗಿ ಕೂರುತ್ತದೆ. ಕೆಂಪು ಅಂಗಿಯ ಮೇಲೆ ಹಳದಿ ಅಕ್ಷರ ಕೇಳಿದಿರೋ, ಕೆಲಸ ದುಪ್ಪಟ್ಟು. ನೇರವಾಗಿ ಹಳದಿ ಎಳೆದರೆ ಅಡಿಯ ಕೆಂಪು ಇಣುಕಿ ಅದು ಕೊಳಕು ಕಿತ್ತಳೆಯಾಗುತ್ತದೆ. ಆದ್ದರಿಂದ ಮೊದಲು ಬಿಳಿಯ ತಳ ಎಳೆದು, ಸ್ವಲ್ಪ ಒಣಗಿಸಿ, ಅದೇ ಜಾಗಕ್ಕೆ ಕೂದಲೆಳೆಯಷ್ಟೂ ಜರುಗದಂತೆ ಹಳದಿ ಎಳೆಯಬೇಕು. ಕಣ್ಣಿಗೆ ಒಂದು ಬಣ್ಣ, ಬಿಲ್ಲಿಗೆ ಎರಡು. ಗಿರಾಕಿಗಳು ಇದನ್ನು ನಂಬುವುದೇ ಇಲ್ಲ.

ಕೆಂಪು ಅಂಗಿ ಪಾಲಿಯೆಸ್ಟರಿನದಾದರೆ ಮೂರನೆಯ ತಾಪತ್ರಯವೂ ಉಂಟು. ಪಾಲಿಯೆಸ್ಟರಿಗೆ ಹಾಕುವ ಬಣ್ಣ ಬಿಸಿಗೆ ಆವಿಯಾಗುವ ಜಾತಿಯದು. ಅಚ್ಚನ್ನು ಗಟ್ಟಿಮಾಡಲು ಕಾಯಿಸಿದಾಗ ಬಟ್ಟೆಯ ಕೆಂಪು ಮೇಲೆದ್ದು ಅಚ್ಚಿನೊಳಕ್ಕೆ ನುಗ್ಗುತ್ತದೆ. ಪ್ರಿಂಟ್ ಆದಾಗ ಹಾಲುಬಿಳುಪಾಗಿದ್ದ ಅಕ್ಷರ ಮಾರನೆಯ ದಿನಕ್ಕೆ, ಕೆಲವೊಮ್ಮೆ ವಾರದ ಮೇಲೆ, ಗುಲಾಬಿಗೆ ತಿರುಗುತ್ತದೆ. ಇದನ್ನು ತಡೆಯುವ ಬೇರೆ ಬಣ್ಣಗಳಿವೆ, ನಡುವೆ ಬೂದು ತಳ ಹಾಕುವ ಉಪಾಯವೂ ಇದೆ. ಆದರೆ ಅಗ್ಗದ ಅಂಗಿ ತಂದು ಅಗ್ಗದ ದರ ಕೇಳುವವರಿಗೆ ಅದನ್ನೆಲ್ಲ ಯಾರು ಮಾಡಿಕೊಡುತ್ತಾರೆ? ಹತ್ತಿಯ ಅಂಗಿಗೆ ಈ ರೋಗವಿಲ್ಲ. ಸ್ಕ್ರೀನ್ ಹಾಕಿಸುವುದಾದರೆ ಹತ್ತಿ, ಅದೂ ಮುಟ್ಟಿದರೆ ತುಸು ದಪ್ಪ ಅನ್ನಿಸುವ 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ) ಆಸುಪಾಸಿನ ಬಟ್ಟೆ ತೆಗೆದುಕೊಳ್ಳಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ.

ಈ ವಿಧಾನದ ಸೊಗಸು ನೋಡಬೇಕಾದರೆ ಏಪ್ರಿಲ್ 14ರಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ಪೇಟೆಗಾದರೂ ಹೋಗಿ ನಿಲ್ಲಬೇಕು. ನೀಲಿ ಅಂಗಿಯ ಮೇಲೆ ಬಿಳಿಯ ಅಂಬೇಡ್ಕರ್. ಒಂದೇ ಸ್ಕ್ರೀನು, ಒಂದೇ ಬಣ್ಣ. ಕನ್ನಡಕದ ಎರಡು ವೃತ್ತ, ಹಣೆಯ ಒಂದು ಬೆಳಕು, ಕೋಟಿನ ಕಾಲರು. ಉಳಿದದ್ದನ್ನೆಲ್ಲ ಅಂಗಿಯ ನೀಲಿಯೇ ತುಂಬಿಕೊಡುತ್ತದೆ. ನೂರು ಮಾರು ದೂರದಿಂದಲೂ ಗುರುತು ಸಿಗುತ್ತದೆ. ಬಣ್ಣಬಣ್ಣದ ಫೋಟೋ ಅಚ್ಚು ಹತ್ತಿರದಿಂದ ಚಂದ, ಹತ್ತು ಹೆಜ್ಜೆ ಹಿಂದೆ ಸರಿದರೆ ಕಲೆಯೋ ಮುಖವೋ ತಿಳಿಯುವುದಿಲ್ಲ. ದಲಿತ ಚಳವಳಿ ಬೇರುಬಿಟ್ಟ ಈ ಜಿಲ್ಲೆಯಲ್ಲಿ ಗೋಡೆಬರಹ, ಕರಪತ್ರ, ಹಾಡು ಮಾಡಿದ ಕೆಲಸದಲ್ಲಿ ಒಂದು ಪಾಲನ್ನು ಈಗ ಈ ಅಂಗಿ ವಹಿಸಿಕೊಂಡಿದೆ. ಅಗ್ಗ, ಬೇಗ, ಯಾರ ಅಪ್ಪಣೆಯೂ ಬೇಡ. 1968ರ ಮೇ ತಿಂಗಳಲ್ಲಿ ಪ್ಯಾರಿಸಿನ ವಿದ್ಯಾರ್ಥಿಗಳು ಕಲಾಶಾಲೆಯನ್ನೇ ವಶಪಡಿಸಿಕೊಂಡು ಹಗಲೂ ರಾತ್ರಿ ಪೋಸ್ಟರ್ ಎಳೆದದ್ದೂ ಇದೇ ವಿಧಾನದಲ್ಲಿ, ಬಹುಪಾಲು ಒಂದೇ ಬಣ್ಣದಲ್ಲಿ. ಅದಕ್ಕೆ ಆರು ವರ್ಷ ಮೊದಲು ಅಮೆರಿಕದ ಆಂಡಿ ವಾರ್ಹೋಲ್ ಮರ್ಲಿನ್ ಮನ್ರೋ ಮುಖವನ್ನು ಸ್ಕ್ರೀನಿನಲ್ಲಿ ಸಾಲುಸಾಲಾಗಿ ಅಚ್ಚು ಹಾಕಿ ಗ್ಯಾಲರಿಗೆ ಏರಿಸಿದ್ದ. ಕೋಟಿಗಟ್ಟಲೆ ಬೆಲೆಯ ಆ ಚಿತ್ರಕ್ಕೂ ನಮ್ಮ ಬೀದಿಯ ಅಂಗಿಗೂ ಉಪಕರಣ ಒಂದೇ.

ಫೋಟೋ ವಿಷಯಕ್ಕೆ ಬಂದರೆ ಮಾತು ಬೇರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅಪ್ಪು ನಗುಮುಖ ಇಲ್ಲದ ಅಂಗಿಯಂಗಡಿ ಉಂಟೇ? ಆ ನಗುವನ್ನು, ಕೆನ್ನೆಯ ನೆರಳನ್ನು ಫೋಟೋದಲ್ಲಿರುವ ಹಾಗೇ ಬೇಕು ಅನ್ನುವವರಿಗೆ ಕೈಟೇಬಲ್ಲಿನ ಸ್ಕ್ರೀನ್ ಸರಿಬರುವುದಿಲ್ಲ. ನೆರಳು-ಬೆಳಕನ್ನು ಚುಕ್ಕೆಗಳಾಗಿ ಒಡೆದು ಎಳೆಯಬೇಕು. 43ರ ಜಾಲರಿಯಲ್ಲಿ ಆ ಚುಕ್ಕೆಗಳೂ ಜಾಲರಿಯ ಎಳೆಗಳೂ ಒಂದರ ಮೇಲೊಂದು ಬಿದ್ದು ಮುಖದ ತುಂಬ ಅಲೆಅಲೆಯ ಕಲೆ ಏಳುತ್ತದೆ. ನವಿರಾದ ಜಾಲರಿ ಹಿಡಿದರೆ ಗಾಢ ಅಂಗಿಯ ಮೇಲೆ ಬಣ್ಣ ಸಾಲುವುದಿಲ್ಲ. ದೊಡ್ಡ ಕಾರ್ಖಾನೆಯ ಸುತ್ತುವ ಯಂತ್ರಗಳು ಇದನ್ನೂ ಗೆದ್ದಿವೆ, ನಮ್ಮ ಪೇಟೆಯ ಮರದ ಟೇಬಲ್ಲಿನಿಂದ ಅದನ್ನು ನಿರೀಕ್ಷಿಸುವುದು ತಪ್ಪು. ಅಪ್ಪು ಮುಖವನ್ನು ಎರಡೇ ಬಣ್ಣದ ಗೆರೆಚಿತ್ರವಾಗಿ ಬರೆಸಿಕೊಂಡು ಬನ್ನಿ, ಆಗ ನೋಡಿ.

ಈಗ ಎಲ್ಲರೂ ಕೇಳುವ ಬಿರುಕಿನ ವಿಷಯ. ನಮ್ಮಲ್ಲಿ ಎರಡು ಜಾತಿಯ ಬಣ್ಣ ಹೆಚ್ಚು ಓಡುತ್ತದೆ. ಒಂದು ನೀರಿನಲ್ಲಿ ಕಲಸುವ ಪಿಗ್ಮೆಂಟ್. ಗಾಢ ಬಟ್ಟೆಗೆ ಇದೇ ಕುಲದ ದಟ್ಟ ಬಿಳಿ ಬಳಸುತ್ತಾರೆ, ಪ್ರಿಂಟರುಗಳ ಬಾಯಲ್ಲಿ ಅದಕ್ಕೆ ಖಾದಿ ಎಂದು ಹೆಸರು. ಇನ್ನೊಂದು ಪ್ಲಾಸ್ಟಿಸಾಲ್, ಪಿವಿಸಿ ಪುಡಿಯನ್ನು ಎಣ್ಣೆಯಂಥ ದ್ರವದಲ್ಲಿ ತೇಲಿಸಿದ ಬಣ್ಣ, ಮುಟ್ಟಿದರೆ ರಬ್ಬರಿನಂತೆ ಮೇಲೆದ್ದಿರುತ್ತದೆ. ಪ್ಲಾಸ್ಟಿಸಾಲ್ ಗಾಳಿಗೆ ಎಷ್ಟು ದಿನ ಇಟ್ಟರೂ ಒಣಗುವುದಿಲ್ಲ. ಅದು ಪ್ರಿಂಟರಿಗೆ ವರ, ಮಧ್ಯಾಹ್ನ ಸ್ಕ್ರೀನನ್ನು ಹಾಗೇ ಬಿಟ್ಟು ಊಟಕ್ಕೆ ಹೋಗಿ ಬರಬಹುದು. ನೀರಿನ ಬಣ್ಣವಾದರೆ ನಮ್ಮ ಬಯಲುಸೀಮೆಯ ಏಪ್ರಿಲ್ ಗಾಳಿಗೆ ಜಾಲರಿಯ ತೂತಿನಲ್ಲೇ ಒಣಗಿ ಕಚ್ಚಿಕೊಳ್ಳುತ್ತದೆ. ಆದರೆ ಪ್ಲಾಸ್ಟಿಸಾಲ್ ಗಟ್ಟಿಯಾಗಲು ಸುಮಾರು 160 ಡಿಗ್ರಿ ಬಿಸಿ ಬೇಕು, ಅದೂ ಮೇಲ್ಮೈಗಲ್ಲ, ಬಣ್ಣದ ಅಡಿಯ ತನಕ. ಅಲ್ಲಿಗೆ ಮುಟ್ಟಿದಾಗ ಮಾತ್ರ ಪುಡಿ ಮತ್ತು ದ್ರವ ಬೆರೆತು ಒಂದೇ ಪೊರೆಯಾಗಿ ಬಟ್ಟೆಯನ್ನು ಹಿಡಿಯುತ್ತದೆ. ಮೇಲೆ ಮುಟ್ಟಿ ನೋಡಿದರೆ ಒಣಗಿದೆ, ಒಳಗೆ ಹಸಿ. ನಾಲ್ಕು ಒಗೆತಕ್ಕೆ ಬಿರುಕು, ಎಂಟಕ್ಕೆ ಚೂರುಚೂರಾಗಿ ಬಕೆಟ್ಟಿನಲ್ಲಿ.

ಹಬ್ಬದ ಹಿಂದಿನ ರಾತ್ರಿ ನೂರೈವತ್ತು ಅಂಗಿ ಮುಗಿಸಬೇಕಾದ ಹುಡುಗ, ಕರೆಂಟು ಬಂದು ಹೋಗುತ್ತಿರುವಾಗ, ಪ್ರತಿ ಅಂಗಿಗೂ ಬೇಕಾದಷ್ಟು ಹೊತ್ತು ಬಿಸಿ ಕೊಡುತ್ತಾನೆಯೇ? ಬಿರುಕಿನ ಮೂಲ ಅಲ್ಲಿದೆ. ಪಿಗ್ಮೆಂಟಿಗೂ ಹಾಗೆಯೇ ಬಿಸಿ ಬೇಕು. ಯಂತ್ರವಿಲ್ಲದವರು ಫಿಕ್ಸರ್ ಬೆರೆಸಿ, ಬಿಸಿಲಿಗೆ ಹರವಿ, ಮೇಲೆ ಇಸ್ತ್ರಿ ಆಡಿಸಿ ಕೊಡುತ್ತಾರೆ. ಅಂಥ ಅಂಗಿ ಕೆಲವು ದಿನ ಒಗೆಯದೆ ಇದ್ದರೆ ಬಾಳುತ್ತದೆ. ನಾವೋ, ಮೆರವಣಿಗೆಯಲ್ಲಿ ಬಣ್ಣ, ಬೆವರು, ಕೆಸರು ಮೆತ್ತಿಸಿಕೊಂಡು ಮಾರನೆಯ ಬೆಳಿಗ್ಗೆಯೇ ಒಗೆಯುವ ಕಲ್ಲಿಗೆ ಬಡಿಯುತ್ತೇವೆ. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ, ಕೈಯಲ್ಲಿ ಹಿಸುಕಿದರೆ ಸಾಕು. ಅಚ್ಚಿನ ಮೇಲೆ ನೇರ ಇಸ್ತ್ರಿ ಇಟ್ಟರೆ ಪ್ಲಾಸ್ಟಿಸಾಲ್ ಕರಗಿ ಪೆಟ್ಟಿಗೆಗೆ ಅಂಟುತ್ತದೆ. ಸರಿಯಾಗಿ ಬೆಂದ ಪ್ರಿಂಟು ಅಂಗಿಯ ಬಟ್ಟೆ ಸವೆದು ತೆಳ್ಳಗಾದ ಮೇಲೂ ಉಳಿದಿರುತ್ತದೆ. ನೆಲ ಒರೆಸುವ ಬಟ್ಟೆಯಾಗಿ ಕೆಲಸಕ್ಕಿಳಿದ ಹಳೆಯ ಚುನಾವಣಾ ಅಂಗಿಗಳಲ್ಲಿ ಅಭ್ಯರ್ಥಿಯ ಚಿಹ್ನೆ ಇನ್ನೂ ಹೊಳೆಯುತ್ತಿರುವುದನ್ನು ಯಾವ ಮನೆಯಲ್ಲಾದರೂ ನೋಡಬಹುದು.

ಪ್ಲಾಸ್ಟಿಸಾಲಿನ ಇನ್ನೊಂದು ಕುಂದು ಅಂಗಿ ಹಾಕಿಕೊಂಡವರಿಗೇ ಗೊತ್ತು. ಎದೆಯಗಲ ಎಳೆದ ಅಚ್ಚು ಉಸಿರಾಡುವುದಿಲ್ಲ, ಅದರ ಹಿಂದೆ ಬೆವರು ನಿಲ್ಲುತ್ತದೆ. ಬಿಸಿಲಲ್ಲಿ ಕ್ರಿಕೆಟ್ ಆಡುವವರಿಗೆ ಇದು ಹಿಂಸೆ. ಜೇಬಿನ ಜಾಗದಲ್ಲಿ ಸಣ್ಣದಾಗಿ ಹಾಕಿಸಿ ಅಂದರೆ ಯಾರೂ ಒಪ್ಪುವುದಿಲ್ಲ. ಡ್ರೋನ್ ವಿಡಿಯೋದಲ್ಲಿ ಕಾಣಬೇಕಂತೆ.

ಕಾಣುವ ಆಸೆ ಸ್ಪಾನ್ಸರುಗಳಿಗೂ ಇದೆ. ತಂಡದ ಅಂಗಿಯ ಬೆನ್ನ ಮೇಲೆ ಟೊಮೆಟೊ ಮಂಡಿ, ಡ್ರಿಪ್ ಪೈಪಿನ ಅಂಗಡಿ, ಪಂಚಾಯಿತಿ ಸದಸ್ಯರು, ಅವರ ತಮ್ಮ, ಬೇಕರಿ ಹೀಗೆ ಹತ್ತು ಹೆಸರು ಸಾಲಾಗಿ ನಿಲ್ಲುತ್ತವೆ. ಅಕ್ಷರ ಸಣ್ಣದಾಗದೆ ಬೇರೆ ದಾರಿಯಿಲ್ಲ. ಇಲ್ಲಿ ಕನ್ನಡಕ್ಕೆ ಪ್ರತ್ಯೇಕ ಕಷ್ಟವಿದೆ. ಸ್ಕ್ವೀಜಿ ಎಳೆದಾಗ ಬಣ್ಣ ಗೆರೆಯಾಚೆಗೂ ಸ್ವಲ್ಪ ಹರಡುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಅದನ್ನು ತಡೆದುಕೊಳ್ಳುತ್ತದೆ. ನಮ್ಮ ಒತ್ತಕ್ಷರಗಳ ಒಳಗಿನ ಸಂದು ಮುಚ್ಚಿಹೋಗಿ 'ಕ್ಷ'ವೂ 'ತ್ತ'ವೂ ಮುದ್ದೆಯಾಗುತ್ತವೆ. ಡಿಟಿಪಿಯವರು ತೆಳ್ಳಗಿನ ಅಕ್ಷರ ಆರಿಸಿದರೆ ಅದು ಮತ್ತೊಂದು ತುದಿ, ಜಾಲರಿಯ ಎಳೆಗೆ ಸಿಕ್ಕಿ ಗೆರೆ ಕಡಿಯುತ್ತದೆ. ನಡುವಿನ ದಪ್ಪದ ಅಕ್ಷರ, ನಡುನಡುವೆ ಧಾರಾಳ ಜಾಗ, ಒತ್ತು ಮೇಲಿನ ಅಕ್ಷರಕ್ಕೆ ತಾಗದ ಹಾಗೆ ಸಾಲು ಜೋಡಣೆ, ಇಷ್ಟನ್ನು ಕೇಳಿ ಮಾಡಿಸಿಕೊಳ್ಳಬೇಕು. ಕೋರೆಲ್ ಡ್ರಾ ಫೈಲನ್ನು ಕರ್ವ್ ಮಾಡದೆ, ಅಂದರೆ ಅಕ್ಷರಗಳನ್ನು ಗೆರೆಚಿತ್ರವಾಗಿ ಬದಲಿಸದೆ ಕಳಿಸಿದರೆ ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆಯುತ್ತದೆ. ಹಾಗೆ ತೆರೆದದ್ದನ್ನೇ ಡಿಸೈನು ಎಂದು ತಿಳಿದು ಅಚ್ಚು ಹಾಕಿದ ಕಥೆಗಳನ್ನು ಪ್ರಿಂಟರುಗಳು ನಗುತ್ತ ಹೇಳುತ್ತಾರೆ.

ಹಾಗಾದರೆ ಸ್ಕ್ರೀನ್ ಒರಟು ಕೆಲಸಕ್ಕೆ ಮಾತ್ರವೇ? ಹುಬ್ಬಳ್ಳಿಯ ಬೆಂಗೇರಿಗೆ ಹೋದರೆ ಆ ಮಾತು ಬಾಯಿಗೆ ಬರುವುದಿಲ್ಲ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಪಡೆದು ರಾಷ್ಟ್ರಧ್ವಜ ತಯಾರಿಸುತ್ತದೆ. ಬಿಳಿ ಪಟ್ಟಿಯ ನಡುವಿನ ಅಶೋಕ ಚಕ್ರ ಅಚ್ಚಾಗುವುದು ಸ್ಕ್ರೀನಿನಲ್ಲೇ. ಇಪ್ಪತ್ನಾಲ್ಕು ಕಡ್ಡಿಗಳ ಚಕ್ರ ಬಟ್ಟೆಯ ಎರಡೂ ಬದಿಗೆ ಬೀಳಬೇಕು, ಈ ಬದಿಯ ಕಡ್ಡಿಯ ಬೆನ್ನಿಗೇ ಆ ಬದಿಯ ಕಡ್ಡಿ ಕೂರಬೇಕು. ಬೆಳಕಿಗೆ ಹಿಡಿದಾಗ ಎರಡು ಚಕ್ರ ಕಂಡರೆ ಆ ಧ್ವಜ ಅನರ್ಹ. ಅದನ್ನು ಸಾಧಿಸುವುದು ಬಹುಪಾಲು ಹೆಣ್ಣುಮಕ್ಕಳ ಕೈ. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಮುಂದಿನ ಆಗಸ್ಟಿನಲ್ಲಿ ಮನೆಮನೆಗೆ ಬಂದ ಅಗ್ಗದ ಧ್ವಜಗಳಲ್ಲಿ ಚಕ್ರ ಮೊಟ್ಟೆಯಾಕಾರ ತಾಳಿದ್ದನ್ನೂ ಪಕ್ಕಕ್ಕೆ ಜಾರಿದ್ದನ್ನೂ ನಾವೆಲ್ಲ ನೋಡಿದೆವು. ಉಪಕರಣಕ್ಕಿಂತ ಕೈಗೆ ಕೊಟ್ಟ ಸಮಯವೇ ಮುಖ್ಯ ಅನ್ನಲು ಇದಕ್ಕಿಂತ ಬೇರೆ ಪುರಾವೆ ನನಗೆ ಬೇಡ.

ನೀರಿನ ಮಾತು ಆಡದೆ ಕೋಲಾರದಲ್ಲಿ ಯಾವ ಉದ್ಯೋಗದ ಬಗೆಗೂ ಬರೆಯಲಾಗದು. ಪ್ರತಿ ಸ್ಕ್ರೀನನ್ನೂ ತೊಳೆಯಬೇಕು: ಚಿತ್ರ ತೆರೆಯುವಾಗ ಒಮ್ಮೆ, ಬಣ್ಣ ತೆಗೆಯಲು ಒಮ್ಮೆ, ಹಳೆಯ ಚಿತ್ರ ಅಳಿಸಿ ಮರುಬಳಕೆಗೆ ಇನ್ನೊಮ್ಮೆ. ಪ್ಲಾಸ್ಟಿಸಾಲ್ ನೀರಿಗೆ ಬಗ್ಗುವುದಿಲ್ಲ, ಥಿನ್ನರೋ ಸೀಮೆಎಣ್ಣೆಯೋ ಬೇಕು. ಬೆಳಕಿಗೆ ಗಟ್ಟಿಯಾಗುವ ದ್ರಾವಣಕ್ಕೆ ಕೆಲವು ಕಡೆ ಇನ್ನೂ ಬೈಕ್ರೋಮೇಟ್ ಬೆರೆಸುತ್ತಾರೆ, ಅಗ್ಗವೆಂದು. ಅದು ವಿಷಕಾರಿ ಕ್ರೋಮಿಯಂ, ಚರ್ಮಕ್ಕೆ ತಾಗಿದರೆ ಹುಣ್ಣು, ದೇಹಕ್ಕೆ ಸೇರುತ್ತ ಹೋದರೆ ಕ್ಯಾನ್ಸರಿನ ಭಯ. ಇದಕ್ಕೆ ಬದಲಾಗಿ ಡಯಾಜೋ ಮತ್ತು ರೆಡಿ ಎಮಲ್ಷನ್‌ಗಳು ಬಂದು ಎಷ್ಟೋ ಕಾಲವಾಯಿತು. ಬರಿಗೈಯಲ್ಲಿ ಹಳದಿ ದ್ರಾವಣ ಬಳಿಯುವ ಹುಡುಗನಿಗೆ ಒಂದು ಜೊತೆ ಗ್ಲೌಸು ಕೊಡಿಸುವುದು ಯಾವ ಅಂಗಡಿಗೂ ಭಾರವಲ್ಲ. ಮಕ್ಕಳ ಅಂಗಿಯಾದರೆ ಥ್ಯಾಲೇಟ್ ಇಲ್ಲದ ಬಣ್ಣ ಕೇಳಬೇಕು. ಪಿವಿಸಿಯನ್ನು ಮೆದುವಾಗಿಸಲು ಬೆರೆಸುವ ಈ ರಾಸಾಯನಿಕಕ್ಕೆ ಯುರೋಪ್, ಅಮೆರಿಕಗಳು ಮಕ್ಕಳ ಸಾಮಾನಿನಲ್ಲಿ ಬಿಗಿ ಮಿತಿ ಹಾಕಿವೆ.

ತೊಳೆದ ನೀರು ಮೋರಿಗೆ, ಮೋರಿ ಕೆರೆಗೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ಕೆರೆಗಳನ್ನೂ ಸಾವಿರ ಅಡಿ ದಾಟಿದ ಕೊಳವೆಬಾವಿಗಳನ್ನೂ ನಂಬಿದೆ. 2018ರ ಜೂನಿನಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಶುದ್ಧತೆ ಸಾಲದು, ಇನ್ನೊಂದು ಹಂತ ಶುದ್ಧಿ ಮಾಡಿ ಎಂದು ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಿದ್ದಾರೆ, ಕೇಳಲೇಬೇಕು. ಹಾಗೆ ಕೇಳುವವರ ಊರಿನಿಂದಲೇ ಕ್ರೋಮಿಯಂ ಅದೇ ಕೆರೆಗೆ ಇಳಿಯುವುದು ಚೆನ್ನಲ್ಲ. ನಮ್ಮ ಖಾಲಿ ಅಂಗಿಗಳು ಬರುವ ತಿರುಪ್ಪೂರಿನಲ್ಲಿ ಬಣ್ಣದ ಕಾರ್ಖಾನೆಗಳು ನೊಯ್ಯಲ್ ನದಿಯನ್ನು ಕೆಡಿಸಿದಾಗ ಮದ್ರಾಸ್ ಹೈಕೋರ್ಟು 2011ರ ಜನವರಿಯಲ್ಲಿ ಅವನ್ನು ಮುಚ್ಚಿಸಿತ್ತು. ಊರಿಗೊಂದೆರಡು ಸ್ಕ್ರೀನ್ ಅಂಗಡಿಗಳನ್ನು ಅದಕ್ಕೆ ಹೋಲಿಸುವುದು ಅನ್ಯಾಯ. ಬಣ್ಣವನ್ನು ಕಾಗದದಿಂದ ಬಳಿದು ತೆಗೆದ ಮೇಲೆ ತೊಳೆದರೆ, ತೊಳೆದ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ ಗಸಿ ಬೇರ್ಪಡಿಸಿದರೆ ಮೋರಿ ಸೇರುವ ಹೊಲಸು ಬಹಳಷ್ಟು ಇಳಿಯುತ್ತದೆ.

ಎದುರಾಳಿಗಳ ಬಗ್ಗೆ ಚುಟುಕಾಗಿ. ಡಿಟಿಎಫ್ ಅಂದರೆ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಚಿತ್ರ ಅಚ್ಚು ಹಾಕಿ, ಹಿಂಬದಿಗೆ ಅಂಟಿನ ಪುಡಿ ಉದುರಿಸಿ ಕರಗಿಸಿ, ಬಿಸಿ ಪ್ರೆಸ್ಸಿನಲ್ಲಿ ಅಂಗಿಗೆ ಒತ್ತುವುದು. ಹತ್ತಿ, ಪಾಲಿಯೆಸ್ಟರ್, ಗಾಢ, ತಿಳಿ ಯಾವುದಾದರೂ ಸರಿ, ಒಂದೇ ಅಂಗಿಯಾದರೂ ಸರಿ. ಒಗೆಯುತ್ತ ಹೋದಂತೆ ಅಂಚು ಏಳುವುದು, ಒತ್ತಿದ ಮೇಲೆ ಕಸವಾಗಿ ಉಳಿಯುವ ಫಿಲ್ಮು ಅದರ ಕುಂದು. ಮೆಷೀನು ಲಕ್ಷಗಳ ಮಾತಾದ್ದರಿಂದ ನಮ್ಮ ಪೇಟೆಗಳಲ್ಲಿ ಅನೇಕರು ಬೆಂಗಳೂರಿನಿಂದ ಫಿಲ್ಮನ್ನು ಮೀಟರ್ ಲೆಕ್ಕದಲ್ಲಿ ತರಿಸಿ ಇಲ್ಲಿ ಒತ್ತಿಕೊಡುತ್ತಾರೆ. ಕೆಲಸ ನಡೆಯುತ್ತದೆ, ಆದರೆ ಕಸುಬು ಊರಿನಲ್ಲಿ ಉಳಿಯುವುದಿಲ್ಲ. ನಾಲ್ಕು ಫ್ರೇಮು, ಒಂದು ಟೇಬಲ್ಲು, ಒಂದು ಹೀಟರಿನಿಂದ ಅಂಗಡಿ ತೆರೆಯಬಹುದಾದ ವಿದ್ಯೆ ಸ್ಕ್ರೀನಿನದು. ಎಸ್ಸೆಸ್ಸೆಲ್ಸಿಗೆ ನಿಂತ ಹುಡುಗನೂ ಒಂದೆರಡು ಹಬ್ಬದ ಹಂಗಾಮಿನಲ್ಲಿ ಕಲಿಯುತ್ತಾನೆ. ಸಬ್ಲಿಮೇಷನ್ ಮತ್ತೊಂದು. ಬಣ್ಣ ಆವಿಯಾಗಿ ಪಾಲಿಯೆಸ್ಟರಿನೊಳಗೇ ಇಳಿಯುವುದರಿಂದ ಮುಟ್ಟಿದರೆ ಅಚ್ಚಿದೆಯೆಂದೇ ತಿಳಿಯದು, ಬಿರುಕಿನ ಪ್ರಶ್ನೆಯೇ ಇಲ್ಲ. ಕ್ರಿಕೆಟ್ ಜೆರ್ಸಿಗೆ ಅದೇ ಸರಿ. ಹತ್ತಿಗೂ ಗಾಢ ಬಟ್ಟೆಗೂ ಅದು ಒಗ್ಗುವುದಿಲ್ಲ.

ಬುದ್ಧಿವಂತ ಅಂಗಡಿಯವರು ಜಗಳ ಬಿಡಿಸಿ ಎರಡನ್ನೂ ಕೂಡಿಸುತ್ತಾರೆ. ಎದೆಯ ಮೇಲಿನ ಬಳಗದ ಹೆಸರು ಎಲ್ಲರಿಗೂ ಒಂದೇ, ಅದು ಸ್ಕ್ರೀನು. ಬೆನ್ನ ಮೇಲಿನ ಮಂಜ, ಸೀನ, ಇಮ್ರಾನ್ ಮತ್ತು ಅವರವರ ನಂಬರು ಬೇರೆ ಬೇರೆ, ಅದು ಡಿಟಿಎಫ್. ದುಡ್ಡೂ ಉಳಿಯುತ್ತದೆ, ಮನಸ್ಸೂ.

ಕ್ಯಾಲನೂರಿನ ಕಡೆಯಿಂದ ಕೋಲಾರಕ್ಕೆ ಆರ್ಡರ್ ಕೊಡಲು ಹೊರಟವರಿಗೆ ಇನ್ನು ಹೇಳುವುದು ಸ್ವಲ್ಪವೇ ಇದೆ. ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಹೋಗಿ. ಬಣ್ಣ ಒಂದೋ ಎರಡೋ ಸಾಕು. ಮೊದಲು ಒಂದೇ ಅಂಗಿ ಹಾಕಿಸಿ ಮನೆಗೆ ತಂದು ಒಗೆದು ನೋಡಿ. ಅಚ್ಚಿನ ಮೇಲೆ ಎರಡು ಹೆಬ್ಬೆರಳಿಟ್ಟು ಬಟ್ಟೆಯನ್ನು ಹಿಗ್ಗಿಸಿ, ಬಿರುಕು ಬಿಟ್ಟರೆ ಅದು ಬೆಂದಿಲ್ಲ ಎಂದರ್ಥ. ಸೈಜಿನ ಪಟ್ಟಿಗೆ ಮೂರು ನಾಲ್ಕು ಹೆಚ್ಚಿಗೆ ಸೇರಿಸಿ, ಕೊನೆ ಗಳಿಗೆಗೆ ಬರುವ ಭಾವಮೈದುನನಿಗಾಗಿ ಇನ್ನೊಮ್ಮೆ ಸ್ಕ್ರೀನ್ ಕಟ್ಟಿಸುವ ಹೊರೆ ತಪ್ಪುತ್ತದೆ. ಸ್ಕ್ರೀನನ್ನು ಅಳಿಸದೆ ಎತ್ತಿಡಲು ಹೇಳಿ, ಖರ್ಚು ಕೊಟ್ಟವರು ನೀವು. ಇಸವಿ ಮಾತ್ರ ಡಿಸೈನಿನಲ್ಲಿ ಸೇರಿಸಬೇಡಿ, ಬರುವ ವರ್ಷ ಅದೇ ಸ್ಕ್ರೀನು ನಡೆಯುತ್ತದೆ.